ನಾವೇ ಎಣಿಸಿಕೊಟ್ಟ ರಸ್ತೆ

ನಾನು ರಸ್ತೆ ಎಣಿಸುವವನು. ಹೀಗೆಂದರೆ ಜನ ನಗುತ್ತಾರೆ, ನಗಲಿ. ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು, ಹೋದ ಕಾರಿಗೊಂದು ಗೀಟು, ಬಂದ ಲಾರಿಗೊಂದು ಗೀಟು ಎಳೆಯುವುದು. ನಾಲ್ಕು ಗೀಟಾದ ಮೇಲೆ ಐದನೆಯದನ್ನು ಅಡ್ಡ ಎಳೆದು ಕಟ್ಟು ಕಟ್ಟುವುದು. ಮುಂದಿನ ಇಪ್ಪತ್ತು ವರ್ಷ ಒಂದು ಪಟ್ಟಣದ ರಸ್ತೆ ಎಷ್ಟು ಅಗಲ ಇರಬೇಕು, ಸಿಗ್ನಲ್ ಎಲ್ಲಿ ಬೇಕು, ಬಸ್ ಸ್ಟ್ಯಾಂಡ್ ಊರೊಳಗೋ ಹೊರಗೋ ಎನ್ನುವುದೆಲ್ಲ ಕೊನೆಗೆ ಈ ಗೀಟುಗಳ ಮೇಲೆ ನಿಂತಿರುತ್ತದೆ. ದೊಡ್ಡವರು ಎ.ಸಿ. ಕೋಣೆಯಲ್ಲಿ ಪರದೆಯ ಮೇಲೆ ಬಣ್ಣಬಣ್ಣದ ನಕ್ಷೆ ತೋರಿಸುತ್ತಾರಲ್ಲ, ಅದರ ತಳದಲ್ಲಿ ನನ್ನಂಥವರ ಪೆನ್ಸಿಲ್ ಇರುತ್ತದೆ. ಆದ್ದರಿಂದ ನಮ್ಮೂರ ರಸ್ತೆಯ ವಿಷಯಕ್ಕೆ ಯಾರನ್ನಾದರೂ ಬೈಯಬೇಕು ಅಂತಿದ್ದರೆ ಮೊದಲು ನನ್ನನ್ನೇ ಬೈಯಬೇಕು. ನಾನು ಬೈದುಕೊಂಡೇ ಬಂದಿದ್ದೇನೆ. ಅದರಿಂದ ಯಾರಿಗೂ ಏನೂ ಆಗಿಲ್ಲ.

ನಮ್ಮೂರು ಇರುವುದು ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ರಸ್ತೆಯ ಮೇಲೆ. ಮನೆಗಳೆಲ್ಲ ರಸ್ತೆಯ ಈಚೆ, ಹೊಲಗಳೆಲ್ಲ ರಸ್ತೆಯ ಆಚೆ. ಯಾವ ಪುಣ್ಯಾತ್ಮ ಹೀಗೆ ಊರು ಕಟ್ಟಿದನೋ ಗೊತ್ತಿಲ್ಲ. ಅವನ ಕಾಲಕ್ಕೆ ಇದು ಗಾಡಿ ಜಾಡು ಆಗಿದ್ದಿರಬೇಕು. ನನ್ನ ಕಾಲಕ್ಕೆ ಒಂದು ಬಸ್ ಒಂದು ಲಾರಿ ಎದುರಾದರೆ ಒಂದು ಕೆಳಗಿಳಿಯಲೇಬೇಕಾದಂಥ ಸಣ್ಣ ಡಾಂಬರು ರಸ್ತೆ. ಆ ಕಾಲವೇನು ಬಂಗಾರವಲ್ಲ. ಪ್ರೈವೇಟ್ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ, ಗಂಡಸರು ಟಾಪಿನ ಮೇಲೆ ಕುಂತು ಹೋಗುತ್ತಿದ್ದರು, ಮಳೆ ಬಂದರೆ ಅಲ್ಲೇ ನೆನೆಯುತ್ತಿದ್ದರು. ಆದರೆ 'ರಸ್ತೆ ದಾಟುವುದು' ಎಂಬ ಮಾತನ್ನು ನಾನು ಊರಲ್ಲಿ ಕೇಳಿರಲಿಲ್ಲ. 'ಹೊಲಕ್ಕೆ ಹೋಗಿ ಬರ್ತೀನಿ' ಅಂದರೆ ಮುಗಿಯಿತು. ರಸ್ತೆ ನಡುವೆ ಇದೆ ಅಂತ ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ನನ್ನ ಅಕ್ಕನನ್ನು ಕೊಟ್ಟಿದ್ದು ಅದೇ ಊರಲ್ಲಿ, ನಮ್ಮ ತಾಯಿಯ ತಮ್ಮನಿಗೇ. ಹಾಗಾಗಿ ಭಾವ ಅನ್ನದೆ ಮಾವ ಅಂತಲೇ ಕರೆಯುತ್ತೇನೆ. ಅವರಿಗೆ ರಸ್ತೆಯಾಚೆ ಎರಡೆಕರೆ, ಒಂದು ಬೋರು. ಮಾವ ಈರುಳ್ಳಿ, ಮೆಕ್ಕೆಜೋಳ ನೋಡಿಕೊಳ್ಳುತ್ತಿದ್ದರು. ಒಂದು ಮೂಲೆಯಲ್ಲಿ ಅಕ್ಕ ತನ್ನದೇ ಅಂತ ಸೇವಂತಿಗೆ, ಕನಕಾಂಬರ ಹಾಕಿದ್ದಳು. ಬೆಳಗಿನ ಜಾವ ಹೋಗಿ ಕೊಯ್ದು, ಬುಟ್ಟಿ ಹೊತ್ತು ಬಂದು, ಮೊದಲ ಬಸ್ಸಿಗೆ ಚಿತ್ರದುರ್ಗದ ಹೂವಿನ ಮಾರ್ಕೆಟ್ಟಿಗೆ ಹೋಗುವಳು. ಅಕ್ಕ ತಡವಾದರೆ ಡ್ರೈವರ್ ಹಾರ್ನ್ ಹೊಡೆದು ಕಾಯುತ್ತಿದ್ದ. 'ಬರ್ರೀ ಯಕ್ಕಾ, ನಿಮ್ಮ ಹೂವು ಮುಡಿಯೋ ದೇವ್ರು ಎದ್ದಾಗೈತೆ' ಅಂತ ಕಂಡಕ್ಟರ್ ಕೂಗುತ್ತಿದ್ದ. ಅದು ಯಾವ ಯೋಜನೆಯಲ್ಲೂ ಬರೆದ ಸ್ಟಾಪ್ ಅಲ್ಲ. ಕೈ ಎತ್ತಿದರೆ ಸ್ಟಾಪು.

ನಾನು ಚಿತ್ರದುರ್ಗದಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ ಎರಡು ವರ್ಷ ಅಲ್ಲಿ ಇಲ್ಲಿ ಅಲೆದೆ. ಆಮೇಲೆ ಒಂದು ಕಂಪನಿಯಲ್ಲಿ ಗುತ್ತಿಗೆ ಕೆಲಸ ಸಿಕ್ಕಿತು. ಸರ್ಕಾರಕ್ಕೆ ರಸ್ತೆಯ ಯೋಜನೆ ಬರೆದುಕೊಡುವ ಕಂಪನಿ ಅದು. ನಮ್ಮ ಕಡೆಯ ಪಟ್ಟಣಗಳೆಲ್ಲ ಬೆಳೆಯುತ್ತಿವೆ, ಮುಂದಿನ ಇಪ್ಪತ್ತು ವರ್ಷಕ್ಕೆ ವಾಹನ ಇಷ್ಟಾಗುತ್ತವೆ, ಈಗಲೇ ದಾರಿ ಮಾಡಿಡಬೇಕು ಎಂದು ಹೊರಟಿದ್ದರು. ಮಾತು ತಪ್ಪಲ್ಲ. ಹಿರಿಯೂರಿನಲ್ಲಿ ಎರಡು ದೊಡ್ಡ ರಸ್ತೆ ಕೂಡುವ ಕಡೆ ಮೂರು ದಿನ ಕುಂತು ಎಣಿಸಿದೆ, ಕಿವಿ ತೂತು ಬಿದ್ದವು. ಹೊಸದುರ್ಗದ ಬಸ್ ಸ್ಟ್ಯಾಂಡಿನ ಮುಂದೆ ಆಟೋ, ಪ್ರೈವೇಟ್ ಬಸ್ಸು, ತಳ್ಳುಗಾಡಿ ಒಂದರ ಮೈಮೇಲೊಂದು ಬಿದ್ದುಕೊಂಡಿರುವಾಗ ಗೀಟು ಎಳೆದೆ. ಯೋಜನೆ ಬೇಕು ಅಂತ ನನಗೂ ಅನಿಸುತ್ತಿತ್ತು. ಈಗಲೂ ಅನಿಸುತ್ತದೆ. ಯೋಜನೆಯೇ ಬೇಡ ಅನ್ನುವವನಲ್ಲ ನಾನು.

ಗೀಟು ಎಳೆಯುವ ಫಾರಂನಲ್ಲಿ ಒಂದು ತಮಾಷೆ ಇತ್ತು. ಎಲ್ಲ ವಾಹನವನ್ನೂ ಕಾರಿನ ಲೆಕ್ಕಕ್ಕೆ ಇಳಿಸಬೇಕು. ಲಾರಿ ಅಂದರೆ ಇಷ್ಟು ಕಾರು, ಸೈಕಲ್ ಅಂದರೆ ಅರ್ಧ ಕಾರು, ಹೀಗೆ. ಎತ್ತಿನ ಗಾಡಿಗೆ ಲಾರಿಗಿಂತಲೂ ಜಾಸ್ತಿ ಬೆಲೆ ಇಟ್ಟಿದ್ದರು. ನೋಡಿ ನನಗೆ ಎಲ್ಲಿಲ್ಲದ ಖುಷಿ. 'ಪರವಾಗಿಲ್ಲವೇ, ನಮ್ಮ ಎತ್ತಿಗೆ ಇಷ್ಟು ಮರ್ಯಾದೆ' ಅಂದುಕೊಂಡೆ. ಆಮೇಲೆ ಕಂಪನಿಯ ಇಂಜಿನಿಯರ್ ತಿಳಿಸಿ ಹೇಳಿದರು: ಅದು ಮರ್ಯಾದೆಯಲ್ಲ, ಗಾಡಿ ನಿಧಾನ ಹೋಗಿ ಅಷ್ಟು ಕಾರುಗಳಿಗೆ ಅಡ್ಡಿ ಮಾಡುತ್ತದೆ ಅಂತ. ನಡೆದು ಹೋಗುವವನಿಗೆ ಬೆಲೆಯೇ ಇಟ್ಟಿರಲಿಲ್ಲ. ಅವನಿಗೆ ಕೊನೆಯಲ್ಲಿ ಬೇರೆ ಒಂದು ಹಾಳೆ, ದಾಟುವವರ ಹಾಳೆ. ಎಲ್ಲಿ ಜನ, ಗಾಡಿ ಹೆಚ್ಚು ದಾಟುತ್ತವೋ ಅಲ್ಲಿ ರಸ್ತೆ ಕೆಳಗೆ ದಾರಿ ಬಿಡುತ್ತಾರೆ. ದಾಟದಿದ್ದ ಕಡೆ ನಡುವೆ ಗೋಡೆ ಕಟ್ಟಿಕೊಂಡು ಹೋಗುತ್ತಾರೆ. ಇದು ನನಗೆ ಸರಿಯಾಗಿ ಗೊತ್ತಿತ್ತು.

ನಮ್ಮ ರಸ್ತೆ ನಾಲ್ಕು ಪಥ ಆಗುತ್ತದೆ ಅಂತ ಸುದ್ದಿ ಬಂದಾಗ ಊರಲ್ಲಿ ಎಲ್ಲರೂ ನನ್ನನ್ನೇ ಹಿಡಿದರು. ಅಕ್ಕ ಮೊದಲು ಕೇಳಿದ್ದು ಒಂದೇ ಮಾತು.

'ಅಲ್ಲ ಕಣೋ, ನಮ್ಮ ಗಾಡಿ ಆಚೆಗೆ ಹೋಗಾಕೆ ಜಾಗ ಬಿಡ್ತಾರಾ?'

'ಬಿಡದೇ ಇರ್ತಾರಾ? ಊರು ಈಚೆ ಐತೆ, ಹೊಲ ಆಚೆ ಅವೆ. ಕಣ್ಣಿದ್ದೋರಿಗೆ ಕಾಣ್ತೈತೆ. ಎಣಿಕೆ ಮಾಡೋನು ನಾನೇ ಇದೀನಿ, ಸುಮ್ನಿರು,' ಅಂದೆ.

ಇಂಜಿನಿಯರ್ ಹೊರ ರಾಜ್ಯದವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಕೆಟ್ಟವರಲ್ಲ. ಎಣಿಕೆಗೆ ವಾರದ ಮಾಮೂಲಿ ಕೆಲಸದ ದಿನ ಬೇಕು ಅಂದರು. ಭಾನುವಾರ ಬೇಡ, ಹಬ್ಬ ಬೇಡ, ಸಂತೆ ದಿನ ಬೇಡ. ಬೆಳಗಿನಿಂದ ಸಂಜೆವರೆಗೆ ಹನ್ನೆರಡು ಜನ ಬೇಕು, ಒಬ್ಬೊಬ್ಬರಿಗೆ ಒಂದೊಂದು ಜಾತಿಯ ವಾಹನ. ಜನ ಹೊಂದಿಸುವ ಜವಾಬ್ದಾರಿ ನನ್ನದು. ಆಗ ಈರುಳ್ಳಿ ಕೀಳುವ ಕಾಲ. ಊರಲ್ಲಿ ಯಾರನ್ನು ಕೇಳಿದರೂ 'ಪುರುಸೊತ್ತಿಲ್ಲಪ್ಪ' ಅನ್ನುತ್ತಿದ್ದರು. ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ದೊಡ್ಡ ಬುದ್ಧಿವಂತನ ಹಾಗೆ ಇಂಜಿನಿಯರಿಗೆ ಫೋನ್ ಮಾಡಿ ಹೇಳಿದೆ, 'ಸೋಮವಾರ ಇಡ್ರಿ ಸಾರ್, ನಮ್ಮೂರೋರೆಲ್ಲ ಅವತ್ತು ಬಿಡುವಾಗಿರ್ತಾರೆ.'

ಸೋಮವಾರ ಯಾಕೆ ಬಿಡುವು ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಅವತ್ತು ಎತ್ತಿನ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಹುಲ್ಲು ಹಾಕಿ ಸುಮ್ಮನೆ ಕಟ್ಟುತ್ತಾರೆ. ಎತ್ತು ನಿಂತರೆ ಬೇಸಾಯ ನಿಂತಿತು, ಬೇಸಾಯ ನಿಂತರೆ ಕೂಲಿ ಹೆಂಗಸರೂ ಮನೆಯಲ್ಲೇ. ಟ್ರ್ಯಾಕ್ಟರ್ ಇಟ್ಟವರು ಕೂಡ ನಮ್ಮೂರಲ್ಲಿ ಸೋಮವಾರ ಮಣ್ಣು ಕೆದಕುವುದಿಲ್ಲ. ಅಕ್ಕ ಸೋಮವಾರದ ಹೂವನ್ನು ಭಾನುವಾರ ಸಂಜೆಯೇ ಕೊಯ್ದು ಬೇರೆಯವರ ಕೈಲಿ ಕಳಿಸುತ್ತಿದ್ದಳು. ಊರಿಗೆ ಊರೇ ಈಚೆ ಇರುವ ದಿನ ವಾರದಲ್ಲಿ ಇದೊಂದೇ. ಹುಟ್ಟಿದಾಗಿನಿಂದ ನೋಡಿದ್ದು, ಆದ್ದರಿಂದಲೇ ಅದು ನನಗೆ ಒಂದು ಸಂಗತಿ ಅಂತಲೇ ಅನಿಸಲಿಲ್ಲ.

ಆ ಸೋಮವಾರ ಮದುವೆ ಮನೆಯ ಹಾಗಿತ್ತು ಅನ್ನಿ. ಊರ ಮುಂದಿನ ಹೊಂಗೆ ಮರದ ಕೆಳಗೆ ಹನ್ನೆರಡು ಕುರ್ಚಿ. ಎಲ್ಲರೂ ತಲೆ ಬಾಚಿ, ಒಗೆದ ಬಟ್ಟೆ ಹಾಕಿಕೊಂಡು ಬಂದಿದ್ದರು. ಮಾವನಿಗೆ ಲಾರಿ ಕೊಟ್ಟೆ. ಸೊಸೈಟಿಯಲ್ಲಿ ಹಾಲು ಅಳೆಯುವವನಿಗೆ ಬೈಕು ಕೊಟ್ಟೆ, ಅವನ ಕೈ ಚುರುಕು. ಅಕ್ಕನಿಗೆ ದಾಟುವವರ ಹಾಳೆ ಕೊಟ್ಟೆ. ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ಸುಲಭದ್ದು ಇರಲಿ ಅಂತ. ರಟ್ಟನ್ನು ಎರಡೂ ಕೈಲಿ ಹಿಡಿದು ಕುಂತಿದ್ದಳು, ಪರೀಕ್ಷೆಗೆ ಬಂದ ಮಗುವಿನ ಹಾಗೆ.

ಊರಲ್ಲಿ ಉಳಿದವರೂ ನೋಡಲು ಬಂದು ಸುತ್ತ ನಿಂತರು. ಆಟ ಶುರುವಾಯಿತು. 'ಲೇ, ಆ ಕಾರು ಬರ್ಕೊಂಡ್ಯೇನ್ಲೇ, ತಪ್ಪಿಸ್ಬಿಟ್ಟೆ ನೋಡು!' ಅಂತ ಒಬ್ಬರ ಕಾಲು ಒಬ್ಬರು ಎಳೆದರು. ಹತ್ತು ಗಂಟೆ ಸುಮಾರಿಗೆ ಒಬ್ಬ ಅಜ್ಜ ಬೋರಿನ ಸ್ಟಾರ್ಟರ್ ನೋಡಿ ಬರುತ್ತೇನೆ ಅಂತ ರಸ್ತೆಗೆ ಕಾಲಿಟ್ಟ. ನಮ್ಮವರೇ ನಾಲ್ಕು ಜನ ಕೂಗಿಕೊಂಡರು. 'ಏಯ್ ಅಜ್ಜ, ಈಚೆ ಬಾ! ಎಣಿಕೆ ನಡೀತೈತೆ, ಅಡ್ಡ ಹೋಗ್ಬೇಡ, ಲೆಕ್ಕ ಕೆಡ್ತೈತೆ!' ಪಾಪ, ಅಜ್ಜ ಗಾಬರಿಯಾಗಿ ಹಿಂದಕ್ಕೆ ಬಂದು ಕುಂತ. ನಾನು ಅಲ್ಲೇ ಇದ್ದೆ. ನಗುತ್ತಿದ್ದೆ.

ಮಧ್ಯಾಹ್ನ ಊಟ ಆದ ಮೇಲೆ ಅಕ್ಕ ನನ್ನನ್ನು ಕರೆದಳು. ಹಾಳೆ ಹೆಚ್ಚು ಕಡಿಮೆ ಖಾಲಿ ಇತ್ತು.

'ಎಲ್ರದ್ದೂ ತುಂಬೈತೆ, ನಂದೇನೋ ಹಿಂಗೈತಲ್ಲೋ. ಯಾರೂ ದಾಟ್ತಾನೇ ಇಲ್ಲ. ಗಾಡಿನೂ ಇಲ್ಲ. ನಾನೇನಾದ್ರೂ ತಪ್ಪು ಮಾಡ್ತಿದೀನಾ?'

ಆಗ ನನಗೆ ಹೊಳೆಯಿತು. ದಾಟಬೇಕಾದವರೆಲ್ಲ ಹೊಂಗೆ ಮರದ ಕೆಳಗೆ ಕುಂತಿದ್ದರು, ನಾನೇ ಕರೆದು ಕೂರಿಸಿದ್ದೆ. ಜೇಬಿನಲ್ಲಿ ಫೋನ್ ಇತ್ತು. ಇಂಜಿನಿಯರಿಗೆ ಫೋನ್ ಮಾಡಿ, 'ಸಾರ್, ತಪ್ಪಾಗಿದೆ, ಗುರುವಾರ ಇನ್ನೊಮ್ಮೆ ಮಾಡೋಣ' ಅನ್ನಬಹುದಿತ್ತು. ಅಂದಿದ್ದರೆ ಹನ್ನೆರಡು ಜನರ ಹಾಳೆ ಹರಿಯಬೇಕು, ದಿನ ಇಟ್ಟವನು ಯಾರು ಅಂತ ಕೇಳುತ್ತಾರೆ, ಗುತ್ತಿಗೆ ಕೆಲಸ, ಇನ್ನೂ ಮೂರು ತಿಂಗಳಾಗಿತ್ತು ಅಷ್ಟೆ. ಹೆದರಿದೆ. ಹೇಡಿ ನನ್ನ ಮಗ, ಹೆದರಿಬಿಟ್ಟೆ.

'ತಪ್ಪೇನಿಲ್ಲ ಬಿಡಕ್ಕ. ಬರದೇ ಇದ್ರೆ ಸೊನ್ನೆ ಹಾಕು,' ಅಂದೆ.

ಅವಳು ಹಾಕಿದಳು. ಗುಂಡಗೆ, ನೀಟಾಗಿ, ಗಂಟೆಗೊಂದು. ಸಂಜೆ ಹಾಳೆಯ ಕೆಳಗೆ ಸಹಿ ಮಾಡಿಸಿದೆ. ಅದರ ಪಕ್ಕದಲ್ಲಿ ಮೇಲ್ವಿಚಾರಕ ಅಂತ ನಾನೂ ಮಾಡಿದೆ. ಯಾರೋ ಒಬ್ಬರು ನೋಡಿಯಾರು, ಊರಿನ ಮುಂದೆ ಸೊನ್ನೆ ಹೇಗೆ ಬಂತು ಅಂತ ಕೇಳಿಯಾರು, ಆಗ ಹೇಳಿದರಾಯಿತು ಅಂತ ಒಂದು ತಿಂಗಳು ಕಾದೆ. ಯಾರೂ ಕೇಳಲಿಲ್ಲ.

ರಸ್ತೆ ಬಂತು. ಚೆನ್ನಾಗಿಯೇ ಬಂತು, ಸುಳ್ಳು ಯಾಕೆ ಹೇಳಲಿ. ಹುಣಸೆ ಮರಗಳು ಹೋದವು, ಎರಡೂ ಕಡೆ ಕಪ್ಪಗೆ ಹೊಳೆಯುವ ಡಾಂಬರು ಬಿತ್ತು. ನಡುವೆ ನಮ್ಮ ಸೊಂಟದ ಎತ್ತರಕ್ಕೆ ಸಿಮೆಂಟಿನ ಗೋಡೆ, ಊರ ಮುಂದೆ ಎಲ್ಲೂ ಬಾಯಿ ಬಿಡದೆ ಹಾಗೇ ಸಾಗಿತ್ತು. ರಸ್ತೆ ಕೆಳಗಿನ ದಾರಿ ಆಗಿದ್ದು ಎರಡು ಮೈಲಿ ಆಚೆ, ಒಂದು ಕಲ್ಯಾಣ ಮಂಟಪದ ಎದುರಿಗೆ. ಅಲ್ಲಿ ಎಣಿಕೆ ಆದ ದಿನ ಮುಹೂರ್ತ ಇತ್ತು. ಮದುವೆಗೆ ಬಂದ ಜನ ಐಸ್‌ಕ್ರೀಂ ತಿನ್ನಲು ಎದುರಿನ ಅಂಗಡಿಗೆ ದಾಟಿದ್ದು ದಿನನಿತ್ಯದ ಜನಸಂಚಾರ ಅಂತ ಲೆಕ್ಕವಾಗಿತ್ತು. ವರ್ಷದಲ್ಲಿ ಅರ್ಧದಷ್ಟು ದಿನ ಆ ಮಂಟಪದ ಬಾಗಿಲೇ ತೆಗೆಯುವುದಿಲ್ಲ.

ಅಕ್ಕ ಬೆಳಗಿನ ಜಾವ ಬುಟ್ಟಿ ಹೊತ್ತುಕೊಂಡು ಗೋಡೆ ಹತ್ತಿ ಇಳಿಯಲು ಕಲಿತಳು. ನಲವತ್ತು ದಾಟಿದ ಹೆಂಗಸು, ಸೀರೆ ಎತ್ತಿ ಕಟ್ಟಿ ಗೋಡೆ ಹತ್ತುವುದನ್ನು ಲಾರಿಯವರು ಹಾರ್ನ್ ಹೊಡೆದು ನೋಡಿಕೊಂಡು ಹೋಗುತ್ತಿದ್ದರು. ಬಸ್ಸೂ ನಿಲ್ಲುವುದು ಬಿಟ್ಟಿತು. ಈ ವೇಗದ ರಸ್ತೆಯಲ್ಲಿ ಸಿಕ್ಕಲ್ಲಿ ನಿಲ್ಲಿಸುವಂತಿಲ್ಲ ಅಂತ ಡ್ರೈವರ್ ಕೈ ಆಡಿಸಿಕೊಂಡು ಹೋಗುತ್ತಿದ್ದ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಅಂತ ಆದ ಮೇಲಂತೂ ನಿಲ್ಲಿಸುವ ಪ್ರಶ್ನೆಯೇ ಇಲ್ಲ. 'ಬಿಟ್ಟಿ ಬಸ್ಸು ಕೊಟ್ಟವ್ರೆ, ಹತ್ತಾಕೆ ಜಾಗ ಕೊಟ್ಟಿಲ್ಲ' ಅಂತ ಅಕ್ಕ ನಗುತ್ತಿದ್ದಳು. ಆಗಿನ್ನೂ ನಗುತ್ತಿದ್ದಳು.

ಮಾವನ ಪಾಡು ಬೇರೆ. ಮನುಷ್ಯ ಗೋಡೆ ಹಾರಬಹುದು, ಗಾಡಿ ಹಾರುತ್ತದೆಯೇ? ಮಂಟಪದವರೆಗೆ ಎರಡು ಮೈಲಿ, ಅಲ್ಲಿಂದ ಎರಡು ಮೈಲಿ ವಾಪಸ್. ಆಚೆ ದಂಡೆಯ ಹೊಲಕ್ಕೆ ಮುಟ್ಟುವಷ್ಟರಲ್ಲಿ ಬಿಸಿಲೇರಿರುತ್ತಿತ್ತು. ಊರಿನ ಪಡ್ಡೆಗಳು ಒಂದು ದಿನ ಹಾರೆ ತಂದು ಗೋಡೆಯಲ್ಲಿ ಎತ್ತು ತೂರುವಷ್ಟು ಸಂದಿ ಒಡೆದರು. ಎರಡು ತಿಂಗಳು ಎಲ್ಲರೂ ಅದರಲ್ಲೇ ನುಗ್ಗಿದರು. ಮೂರನೇ ತಿಂಗಳು, ಮಂಜು ಮುಸುಕಿದ ಒಂದು ಬೆಳಗ್ಗೆ, ಮಾವ ಎತ್ತು ಹೊಡೆದುಕೊಂಡು ಸಂದಿಯಿಂದ ಆಚೆ ಇಳಿದರು. ಒಂದು ಕಾರು ಬಂದು ಎಡಗಡೆಯ ಎತ್ತಿಗೆ ಗುದ್ದಿತು. ಎತ್ತು ಮಧ್ಯಾಹ್ನದವರೆಗೆ ರಸ್ತೆ ಬದಿಯಲ್ಲಿ ಒದ್ದಾಡಿ ಸತ್ತಿತು. ಕಾರಿನವರು ಮಾವನ ಮೇಲೇ ದೂರು ಕೊಟ್ಟರು, ಗೋಡೆ ಒಡೆದಿದ್ದಾರೆ ಅಂತ. ಮರುದಿನವೇ ರಸ್ತೆ ಇಲಾಖೆಯವರು ಬಂದು ಸಂದಿ ಮುಚ್ಚಿ, ಮೇಲೊಂದು ಕಬ್ಬಿಣದ ಬೇಲಿ ಕೂರಿಸಿದರು. ಅಷ್ಟು ಬೇಗ ಸರ್ಕಾರಿ ಕೆಲಸ ಆಗಿದ್ದನ್ನು ನಮ್ಮೂರು ಅದೇ ಮೊದಲು ನೋಡಿದ್ದು.

ಆಗ ಅಕ್ಕ ಹಠ ಹಿಡಿದಳು. 'ಅರ್ಜಿ ಬರಿ, ಸಾಹೇಬ್ರನ್ನ ನೋಡಾಣ. ಗಾಡಿ ಹೋಗೋಷ್ಟು ಒಂದು ದಾರಿ. ಬೇರೇನೂ ಬೇಡ.' ಬರೆದೆ. ಊರಿನವರು ಐವತ್ತು ಜನ ಸಹಿ ಹಾಕಿದರು. ಚಿತ್ರದುರ್ಗದ ರಸ್ತೆ ಇಲಾಖೆ ಕಚೇರಿಗೆ ನಾವು ಮೂವರು ಹೋದೆವು, ನಾನು, ಅಕ್ಕ, ಮಾವ. ನನಗೆ ಹೋಗಲು ಇಷ್ಟವಿರಲಿಲ್ಲ.

ಸಾಹೇಬರು ಮೆತ್ತಗಿನ ಮನುಷ್ಯ. ಕುರ್ಚಿ ಹಾಕಿಸಿದರು, ಚಹಾ ತರಿಸಿದರು, ಅರ್ಜಿ ಪೂರ್ತಿ ಓದಿದರು.

'ನೋಡಮ್ಮ, ನಮಗೂ ಮಾಡಿಕೊಡಬೇಕು ಅಂತ ಇರುತ್ತೆ. ಆದರೆ ಕಾಗದ ಕೇಳುತ್ತಲ್ಲ. ಅಪಾಯದ ಜಾಗ ಅಂತ ತೋರಿಸಬೇಕಾದರೆ ಇಷ್ಟು ಜನ ಸತ್ತಿರಬೇಕು ಅಂತ ನಿಯಮ ಇದೆ. ನಿಮ್ಮೂರ ಮುಂದೆ ಒಂದು ಸಾವೂ ಆಗಿಲ್ಲ.'

'ಎತ್ತು ಸತ್ತೈತಲ್ಲ ಸ್ವಾಮಿ,' ಅಂದಳು ಅಕ್ಕ.

'ಎತ್ತು ಬರಲ್ಲಮ್ಮ ಲೆಕ್ಕಕ್ಕೆ. ಮನುಷ್ಯರು.'

'ಹಂಗಾದ್ರೆ ಯಾರನ್ನ ಕಳಿಸಾಣ, ನೀವೇ ಹೇಳ್ರಿ. ಮನೇಲಿ ನಾವು ಇಬ್ರೇ ಇರೋದು.'

ಸಾಹೇಬರು ಅರ್ಜಿ ಮಡಚಿಟ್ಟರು. ಗುಮಾಸ್ತನನ್ನು ಕೂಗಿ ಹಳೆಯ ಫೈಲು ತರಿಸಿದರು. 'ಇರಿ, ದಾಟುವವರ ಎಣಿಕೆ ನೋಡೋಣ, ಅದರಲ್ಲಿ ಏನಾದರೂ ದಾರಿ ಸಿಗಬಹುದು' ಅಂತ ಪುಟ ತಿರುಗಿಸಿದರು. ನಾನು ಕಿಟಕಿ ನೋಡುತ್ತಿದ್ದೆ. ಪುಟ ನಿಂತಿತು.

'ಇಲ್ಲಿ ನೋಡಿ. ಎತ್ತಿನ ಗಾಡಿ, ಬೆಳಗಿನಿಂದ ಸಂಜೆವರೆಗೆ ಒಂದೂ ಇಲ್ಲ. ಜನ, ಇಲ್ಲವೇ ಇಲ್ಲ ಅನ್ನಬಹುದು. ನಿಮ್ಮೂರಿನವರೇ ಯಾರೋ ಸಹಿ ಮಾಡಿದ್ದಾರಲ್ಲಮ್ಮ.'

ಅಕ್ಕ ಬಗ್ಗಿ ನೋಡಿದಳು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. 'ಇದು ನಂದೇ,' ಅಂದಳು.

ನಾನು ಆಗ ಬಾಯಿ ಬಿಟ್ಟೆ. ಅವತ್ತು ಸೋಮವಾರ ಸಾರ್, ಎತ್ತು ಹೂಡುವುದಿಲ್ಲ, ಊರಿನವರೆಲ್ಲ ಎಣಿಸಲು ಕುಂತಿದ್ದರು ಅಂತ ಗಡಬಡ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

'ಹಾಗಿದ್ದರೆ ಮೇಲ್ವಿಚಾರಕ ಬರೆಯಬೇಕಿತ್ತಲ್ಲ, ಈ ದಿನ ಸರಿಯಿಲ್ಲ ಅಂತ. ಅದಕ್ಕೇ ಒಂದು ಜಾಗ ಬಿಟ್ಟಿರುತ್ತಾರೆ. ಏನೂ ಬರೆದಿಲ್ಲ. ಯಾರದು ಈ ಸಹಿ?'

ಅಕ್ಕನ ಬೆರಳು ಪಕ್ಕಕ್ಕೆ ಸರಿಯಿತು. ನನ್ನ ಹೆಸರು ಓದಲು ಅವಳಿಗೆ ಬಹಳ ಹೊತ್ತೇನೂ ಹಿಡಿಯಲಿಲ್ಲ. ಮಾವ ಎದ್ದು ಹೊರಗೆ ಹೋದರು.

ಬಸ್ಸು ಊರ ಮುಂದೆ ನಿಲ್ಲಲಿಲ್ಲ, ಮಂಟಪದ ಹತ್ತಿರ ಇಳಿಸಿತು. ಮಾವ ಮುಂದೆ, ನಾವಿಬ್ಬರು ಹಿಂದೆ ನಡೆದೆವು. ಅಕ್ಕ ಬೈಯುತ್ತಾಳೆ ಅಂತ ಕಾಯುತ್ತಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು.

'ನಿಂಗೆ ಯಾವಾಗ ಗೊತ್ತಾತು?' ಅಂತ ಕೇಳಿದಳು.

'ಅವತ್ತೇ. ಮಧ್ಯಾಹ್ನ. ನೀನು ಕೇಳಿದ್ಯಲ್ಲ, ಆಗ.'

'ಯಾಕೆ ಹೇಳ್ಲಿಲ್ಲ?'

'ಕೆಲಸ ಹೋಗ್ತಿತ್ತಕ್ಕ.'

ಒಂದು ಲಾರಿ ಹಾದು ಹೋಗಲಿ ಅಂತ ಅಂಚಿಗೆ ಸರಿದಳು. ಆಮೇಲೆ ಅಂದಳು, 'ಅವ್ರಿಗೆ ಬ್ಯಾಡ, ನಂಗಾದ್ರೂ ಹೇಳ್ಬಾರ್ದಿತ್ತಾ? ನಾನೇ ಎದ್ದು ನಾಕು ಸಲ ದಾಟಿ ಬರ್ತಿದ್ದೆ.'

ಅದಾದ ಮೇಲೆ ಅವಳು ಆ ಮಾತು ಎತ್ತಿದ್ದೇ ಇಲ್ಲ. ಹಬ್ಬಕ್ಕೆ ಕರೆಯುತ್ತಾಳೆ, ಹೋಳಿಗೆ ಹಾಕುತ್ತಾಳೆ, ಆರಾಮಾ ಅಂತ ಕೇಳುತ್ತಾಳೆ. ಮಾವ ಮಾತ್ರ ನಾನು ಹೋದರೆ ಟವಲ್ ಹೆಗಲಿಗೆ ಹಾಕಿಕೊಂಡು ಕಟ್ಟೆ ಕಡೆ ನಡೆಯುತ್ತಾರೆ. ಜೋಡಿ ಕಳೆದುಕೊಂಡು ಉಳಿದ ಒಂಟಿ ಎತ್ತನ್ನು ಮಾರಿದರು. ಒಂದು ವರ್ಷ ಬಾಡಿಗೆ ಟ್ರ್ಯಾಕ್ಟರಿನಲ್ಲಿ ಉಳುಮೆ ಮಾಡಿಸಿ ನೋಡಿದರು, ನಾಲ್ಕು ಮೈಲಿ ಸುತ್ತಿ ಬರಬೇಕು ಅಂತ ಟ್ರ್ಯಾಕ್ಟರಿನವರೂ ಜಾರಿಕೊಂಡರು. ಬೇಲಿ ಬಂದ ಮೇಲೆ ಅಕ್ಕನಿಗೆ ಹತ್ತುವುದೂ ಆಗದೆ ಹೂವು ಗಿಡದಲ್ಲೇ ಒಣಗಿತು. ಅಷ್ಟರಲ್ಲಿ ನಾಲ್ಕು ಪಥದ ಪಕ್ಕದ ಜಮೀನು ಅಂತ ಲೇಔಟಿನವರು ಬಾಗಿಲಿಗೆ ಬಂದಿದ್ದರು. ಅಕ್ಕಪಕ್ಕದವರೆಲ್ಲ ಕೊಟ್ಟರು, ಇವರೂ ಕೊಟ್ಟರು. ಮಾವ ಈಗ ಚಿತ್ರದುರ್ಗದಲ್ಲಿ ಒಂದು ಗೋದಾಮಿನ ಕಾವಲಿಗೆ ಹೋಗುತ್ತಾರೆ. ಅಕ್ಕ ಮಾರ್ಕೆಟ್ಟಿನಿಂದ ತರಿಸಿದ ಬೇರೆಯವರ ಹೂವನ್ನು ಮನೆಯಲ್ಲಿ ಕುಂತು ಮಾರು ಲೆಕ್ಕದಲ್ಲಿ ಕಟ್ಟಿಕೊಡುತ್ತಾಳೆ.

ನಾನು ಅದೇ ಕೆಲಸದಲ್ಲಿದ್ದೇನೆ. ಉಳಿಸಿಕೊಂಡೆನಲ್ಲ, ಉಳಿದಿದೆ. ಈಗ ಇನ್ನೊಂದು ಯೋಜನೆ ಬಂದಿದೆ. ಅದರಲ್ಲಿ ಕರೆಂಟಿನ ಬಸ್ಸು, ಸೈಕಲ್ಲಿಗೆ ಬೇರೆ ದಾರಿ ಎಲ್ಲ ಇದೆ, 'ನಡೆಯುವವರೇ ಮೊದಲು' ಅಂತ ದಪ್ಪ ಅಕ್ಷರದಲ್ಲಿ ಮೊದಲ ಪುಟದಲ್ಲೇ ಬರೆದಿದ್ದಾರೆ. ಓದಿ ಕಣ್ಣು ತುಂಬಿ ಬಂತು, ಸಿಟ್ಟೂ ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಬುದ್ಧಿ ನಮ್ಮದು. ಈ ಸಲ ಕುರ್ಚಿ ಇಲ್ಲ, ರಟ್ಟು ಇಲ್ಲ. ಕಂಬದ ಮೇಲೆ ಕ್ಯಾಮೆರಾ ಕೂರಿಸುತ್ತಾರೆ, ಅದೇ ಎಣಿಸುತ್ತದೆ. ನಮ್ಮೂರ ಹೆಸರು ಪಟ್ಟಿಯಲ್ಲಿ ಸೇರಿಸಲು ನಾನು ಯಾರ್ಯಾರ ಕಾಲು ಹಿಡಿದೆನೋ ನನಗೇ ಗೊತ್ತು. ದಿನ ಗುರುವಾರವೇ ಆಗಬೇಕು ಅಂತ ಮೀಟಿಂಗಿನಲ್ಲಿ ಮೇಜು ಕುಟ್ಟಿದೆ. ಯಾಕೆ ಅಂತ ಕೇಳಿದವರಿಗೆ ಎಲ್ಲ ಬಿಡಿಸಿ ಹೇಳಿದೆ. ಒಪ್ಪಿದರು. ಒಪ್ಪಿದ ಮೇಲೆ ಬಾತ್‌ರೂಮಿಗೆ ಹೋಗಿ ಒಬ್ಬನೇ ಅತ್ತೆ.

ಬುಧವಾರ ಸಂಜೆ ಅಕ್ಕನ ಮನೆಗೆ ಓಡಿದೆ. ಬಾಗಿಲಲ್ಲಿ ಕುಂತು ಹೂವು ಕಟ್ಟುತ್ತಿದ್ದಳು.

'ಅಕ್ಕ, ನಾಳೆ ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ ದಾಟಿಬಿಡು. ಅಷ್ಟೊತ್ತು ಬೇಲಿ ಬಿಚ್ಚಿಸ್ತೀನಿ, ಅಪ್ಪಣೆ ತಗೊಂಡಿದೀನಿ. ಊರಿನೋರ್ಗೂ ಹೇಳು. ಕ್ಯಾಮೆರಾ ನೋಡ್ತೈತೆ. ಈ ಸಲ ದಾರಿ ಆಗೇ ಆಗ್ತೈತೆ ನೋಡು.'

ಅವಳ ಕೈ ನಿಲ್ಲಲಿಲ್ಲ. 'ದಾಟಿ?'

'ದಾಟಿ ವಾಪಸ್ ಬಾ, ಅಷ್ಟೆ.'

'ಅತ್ತಕಡೆ ನಂದೇನೈತಪ್ಪ ಈಗ?' ಅಂದಳು. ಸಿಟ್ಟಿನಿಂದ ಅಲ್ಲ. ನಿಜವಾಗಿಯೂ ಕೇಳಿದ ಹಾಗಿತ್ತು. ಕಟ್ಟಿದ ಮಾಲೆ ಬುಟ್ಟಿಗಿಟ್ಟು, 'ಮುದ್ದೆ ಮಾಡೀನಿ, ಉಂಡು ಹೋಗು' ಅಂದಳು.

ಗುರುವಾರ ಬೆಳಕು ಹರಿಯುವ ಮುಂಚೆಯೇ ಹೋಗಿ ನಿಂತೆ. ಬೇಲಿ ಬಿಚ್ಚಿದ್ದರು, ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಊರಿನಿಂದ ಯಾರೂ ಬರಲಿಲ್ಲ. ಏಳು ಗಂಟೆವರೆಗೆ ಕಾದೆ. ಆಮೇಲೆ ತಡೆಯಲಾಗದೆ ನಾನೇ ದಾಟಿದೆ. ಮೊದಲ ಅರ್ಧ ಓಡಿ ದಾಟಿ ಗೋಡೆ ಹತ್ತಿದೆ, ಮೊಣಕಾಲು ತರಚಿತು. ಆಚೆ ಇಳಿದಾಗ ಒಂದು ಲಾರಿ ಎಷ್ಟು ಹತ್ತಿರ ಹಾದು ಹೋಯಿತೆಂದರೆ ಅದರ ಗಾಳಿಗೆ ನನ್ನ ಅಂಗಿ ಬೆನ್ನಿಗೆ ಅಂಟಿತು. ಹೇಗೋ ಆಚೆ ಮುಟ್ಟಿದೆ.

ಅಕ್ಕನ ಹೂವಿನ ಮೂಲೆ ಎಲ್ಲಿತ್ತು ಅಂತ ಹುಡುಕಿದರೆ ಎಲ್ಲ ಕಡೆ ಒಂದೇ ಥರದ ಸೈಟು ಕಲ್ಲುಗಳು. ಗೇಟಿನ ಕಾವಲುಗಾರ ಎದ್ದು ಬಂದು ಮರ್ಯಾದೆಯಿಂದ ಕೇಳಿದ, 'ಸೈಟ್ ನ್ವಾಡಾಕೆ ಬಂದ್ರಾ ಸಾರ್? ಕಾರು ಎಲ್ಲಿ ನಿಲ್ಸೀರಿ?'

ತಿರುಗಿ ಬಂದು ರಸ್ತೆ ಅಂಚಿಗೆ ನಿಂತೆ. ಎದುರಿಗೆ ಅಕ್ಕನ ಮನೆಯ ಬಾಗಿಲು ಕಾಣುತ್ತಿತ್ತು, ಕೂಗಿದರೆ ಕೇಳುವಷ್ಟು ಹತ್ತಿರ. ಮೂರು ಸಲ ಕಾಲು ಮುಂದಿಟ್ಟೆ, ಮೂರು ಸಲವೂ ಹಿಂದಕ್ಕೆ ತೆಗೆದೆ. ಕೊನೆಗೆ ಮಂಟಪದ ಕಡೆಗೆ ನಡೆಯತೊಡಗಿದೆ, ನಾಲ್ಕು ಮೈಲಿ ಸುತ್ತಿ ಈಚೆಗೆ ಬಂದೆ. ತಲೆಯ ಮೇಲೆ ಹೂವಿನ ಬುಟ್ಟಿ ಹೊತ್ತು, ಕತ್ತಲಲ್ಲಿ, ಅಕ್ಕ ಈ ರಸ್ತೆಯನ್ನು ದಿನಕ್ಕೆ ಎರಡು ಸಲ ದಾಟುತ್ತಿದ್ದಳು.